ಒಂದೇ ಹೆಲಿಕಾಪ್ಟರ್ ನಂಬಿ ಕಡಲಿಗಿಳಿಯಬಹುದೇ?

2024ರ ಸೆಪ್ಟೆಂಬರ್ 2ರ ರಾತ್ರಿ. ಗುಜರಾತಿನ ಪೋರಬಂದರಿನಾಚೆ ಅರಬ್ಬೀ ಸಮುದ್ರದಲ್ಲಿದ್ದ 'ಹರಿ ಲೀಲಾ' ಎಂಬ ಟ್ಯಾಂಕರ್ ಹಡಗಿನಿಂದ ನೆರವಿನ ಕರೆ ಬಂತು. ಗಾಯಗೊಂಡ ಸಿಬ್ಬಂದಿಯೊಬ್ಬರನ್ನು ದಡಕ್ಕೆ ತರಬೇಕಿತ್ತು. ಅದಕ್ಕೆಂದು ಹೊರಟ ಕರಾವಳಿ ರಕ್ಷಣಾ ಪಡೆಯ ಧ್ರುವ ಹೆಲಿಕಾಪ್ಟರ್ ಹಡಗನ್ನು ತಲುಪುವ ಮುನ್ನವೇ ಕಡಲಿಗೆ ಬಿತ್ತು. ಅದರಲ್ಲಿದ್ದ ನಾಲ್ವರಲ್ಲಿ ಬದುಕುಳಿದವರು ಒಬ್ಬರೇ. ನಾಲ್ಕು ತಿಂಗಳ ಬಳಿಕ, 2025ರ ಜನವರಿ 5ರಂದು, ಪೋರಬಂದರ್ ವಿಮಾನ ನಿಲ್ದಾಣದಲ್ಲಿ ಅದೇ ಪಡೆಯ ಇನ್ನೊಂದು ಧ್ರುವ ನೆಲಕ್ಕಪ್ಪಳಿಸಿ ಮೂವರು ಮಡಿದರು. ರೋಟರ್ ಅಲಗುಗಳ ಓರೆಯನ್ನು ನಿಯಂತ್ರಿಸುವ ಸ್ವಾಶ್‌ಪ್ಲೇಟ್ ಎಂಬ ಭಾಗ ಮುರಿದಿದ್ದುದು ತನಿಖೆಯಲ್ಲಿ ಕಂಡುಬಂತು. ದೇಶದ ಮುನ್ನೂರಕ್ಕೂ ಹೆಚ್ಚು ಧ್ರುವಗಳ ಹಾರಾಟ ನಿಂತಿತು.

ಈ ಎರಡು ಅವಘಡಗಳ ಚರ್ಚೆ ಯಂತ್ರದೋಷದ ಸುತ್ತಲೇ ಸುತ್ತಿತು. ಅಷ್ಟೇ ಗಂಭೀರವಾದ ಇನ್ನೊಂದು ಪ್ರಶ್ನೆ ಹಿಂದೆ ಸರಿಯಿತು: ಕಡಲಲ್ಲಿ ಜೀವ ಉಳಿಸುವ ಕೆಲಸಕ್ಕೆ ನಾವು ವಿಮಾನಗಳನ್ನು ಯಾವ ಮಾನದಂಡದಿಂದ ಆರಿಸುತ್ತಿದ್ದೇವೆ?

ಕರಾವಳಿ ರಕ್ಷಣಾ ಪಡೆಯ ಹೊಣೆ ಸಣ್ಣದಲ್ಲ. ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಭಾರತದ ಪಾಲಿಗೆ ಬಂದಿರುವ ಶೋಧ ಮತ್ತು ರಕ್ಷಣಾ ವಲಯದ ವಿಸ್ತೀರ್ಣ ಸುಮಾರು 46 ಲಕ್ಷ ಚದರ ಕಿಲೋಮೀಟರ್. ದೇಶದ ಭೂಭಾಗಕ್ಕಿಂತಲೂ ಹೆಚ್ಚು. 'ಶೋಧ ಮತ್ತು ರಕ್ಷಣೆ' ಎಂದು ಒಂದೇ ಉಸಿರಿನಲ್ಲಿ ಹೇಳಿದರೂ ಇವು ಎರಡು ಬೇರೆ ಕೆಲಸಗಳು. ಮೊದಲನೆಯದಕ್ಕೆ ಗಂಟೆಗಟ್ಟಲೆ ಹಾರಬಲ್ಲ, ತಗ್ಗಿನಲ್ಲಿ ನಿಧಾನವಾಗಿ ಸಾಗಬಲ್ಲ, ಉತ್ತಮ ರೇಡಾರ್ ಇರುವ ವಿಮಾನ ಬೇಕು. ಎರಡನೆಯದಕ್ಕೆ ಬಿರುಗಾಳಿಯಲ್ಲೂ ಒಂದೆಡೆ ತೂಗಿ ನಿಂತು, ಹಗ್ಗ ಇಳಿಸಿ ಮನುಷ್ಯನನ್ನು ಮೇಲೆತ್ತುವ ಹೆಲಿಕಾಪ್ಟರ್ ಬೇಕು. ಇವೆರಡನ್ನೂ ಚೆನ್ನಾಗಿ ಮಾಡುವ ಯಂತ್ರವನ್ನು ಹುಡುಕಹೊರಟವರು ಎರಡಕ್ಕೂ ಎರವಾಗುತ್ತಾರೆ.

ಶೋಧದ ಕಷ್ಟವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ನೀರಿಗೆ ಬಿದ್ದವರು ಗಂಟೆಗೆ ಎರಡು ಕಿ.ಮೀ. ವೇಗದಲ್ಲಿ, ಯಾವ ದಿಕ್ಕಿಗೆಂದು ತಿಳಿಯದೆ, ತೇಲಿಹೋಗುತ್ತಾರೆ ಎಂದಿಟ್ಟುಕೊಳ್ಳೋಣ. ಒಂದು ಗಂಟೆಯ ಬಳಿಕ ಹುಡುಕಬೇಕಾದ ಪ್ರದೇಶ ಸುಮಾರು 12 ಚದರ ಕಿ.ಮೀ. ಆರು ಗಂಟೆ ಕಳೆದರೆ ಅದು 450ಕ್ಕೆ ಏರುತ್ತದೆ. ಕಾಲ ಆರು ಪಟ್ಟಾದರೆ ಕಡಲು ಮೂವತ್ತಾರು ಪಟ್ಟಾಗುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾದದ್ದನ್ನು ಕರಾವಳಿಯ ಜನ ಮರೆತಿಲ್ಲ. ಮಹಾರಾಷ್ಟ್ರದ ಮಾಲ್ವಣ್ ಬಳಿ ಅದರ ಅವಶೇಷ ಪತ್ತೆಯಾದಾಗ 2019ರ ಮೇ ತಿಂಗಳು ಬಂದಿತ್ತು. ಎಲ್ಲಿ ಹುಡುಕಬೇಕೆಂಬುದೇ ತಿಳಿಯದಿದ್ದರೆ ಎಂತಹ ವಿಮಾನವಿದ್ದೂ ಪ್ರಯೋಜನವಿಲ್ಲ. ಇಸ್ರೊ ರೂಪಿಸಿರುವ ಅಪಾಯ ಸಂಕೇತ ಸಾಧನ ಪ್ರತಿ ದೋಣಿಯಲ್ಲೂ ಇರಬೇಕೆಂಬ ಒತ್ತಾಯವನ್ನು ವಿಮಾನ ಖರೀದಿಯ ಭಾಗವೆಂದೇ ನಾನು ಎಣಿಸುತ್ತೇನೆ.

ಹಾಗಿದ್ದರೆ ವೇಗವೇ ಮುಖ್ಯವಲ್ಲವೇ ಎಂದು ಯಾರಾದರೂ ಕೇಳಬಹುದು. ಅಮೆರಿಕದ ಅನುಭವ ಇದಕ್ಕೆ ಉತ್ತರ ನೀಡುತ್ತದೆ. ಅಲ್ಲಿನ ಕರಾವಳಿ ಪಡೆ 1980ರ ದಶಕದಲ್ಲಿ ಫಾಲ್ಕನ್ ಜೆಟ್‌ಗಳನ್ನು ಸೇವೆಗೆ ಸೇರಿಸಿಕೊಂಡಿತ್ತು. 2014ರಲ್ಲಿ ಅವು ನಿವೃತ್ತವಾದವು. ಅವುಗಳ ಸ್ಥಾನಕ್ಕೆ ಬಂದದ್ದು ಸಿಎನ್-235 ಆಧಾರಿತ ಟರ್ಬೊಪ್ರಾಪ್ ವಿಮಾನ. ಜೆಟ್‌ಗಿಂತ ನಿಧಾನ, ಆದರೆ ಕಡಲ ಮೇಲೆ ಹೆಚ್ಚು ಹೊತ್ತು ಇರಬಲ್ಲದು. ಅದೇ ಕುಟುಂಬದ ದೊಡ್ಡ ವಿಮಾನ ಸಿ-295. ನಮ್ಮ ನೌಕಾಪಡೆ ಮತ್ತು ಕರಾವಳಿ ರಕ್ಷಣಾ ಪಡೆಗೆ ಅಂತಹ 15 ವಿಮಾನಗಳನ್ನು ಪಡೆಯುವ ಪ್ರಸ್ತಾವಕ್ಕೆ 2024ರ ಫೆಬ್ರವರಿಯಲ್ಲಿ ತಾತ್ವಿಕ ಒಪ್ಪಿಗೆ ದೊರೆಯಿತು. ಕಾನ್ಪುರದ ಎಚ್‌ಎಎಲ್ ಘಟಕ ತಯಾರಿಸುವ ಡಾರ್ನಿಯರ್ 228 ದಶಕಗಳಿಂದ ಹೊತ್ತಿರುವ ಶೋಧದ ಭಾರವನ್ನು ಹಂಚಿಕೊಳ್ಳಲು ಇದು ಸರಿಯಾದ ಆಯ್ಕೆಯೆಂದೇ ನನ್ನ ಭಾವನೆ.

ಕೊರತೆ ಇರುವುದು ಎರಡನೆಯ ಭಾಗದಲ್ಲಿ. ಡಾರ್ನಿಯರ್ ಆಗಲಿ ಸಿ-295 ಆಗಲಿ, ಮುಳುಗುತ್ತಿರುವವರನ್ನು ಕಾಣಬಲ್ಲವು, ತೆಪ್ಪ ಎಸೆಯಬಲ್ಲವು, ಮೇಲೆತ್ತಲಾರವು. ಹಡಗು ತಲುಪುವಷ್ಟು ಸಮಯವಿಲ್ಲದಾಗ ಹೆಲಿಕಾಪ್ಟರ್ ಒಂದೇ ಗತಿ. ನಮ್ಮ ಕರಾವಳಿ ರಕ್ಷಣಾ ಪಡೆಗೆ ಇದ್ದದ್ದು ಎರಡೇ ಬಗೆ: ಧ್ರುವ ಮತ್ತು ಚೇತಕ್. ಚೇತಕ್‌ನ ಮೂಲ ವಿನ್ಯಾಸ 1959ರಲ್ಲಿ ಮೊದಲು ಹಾರಿದ್ದು, ಎಂಜಿನ್ ಒಂದೇ. ಕತ್ತಲ ಕಡಲ ಮೇಲೆ ದೂರ ಹೋಗಲು ಅದನ್ನು ನೆಚ್ಚುವಂತಿಲ್ಲ. ಹೀಗಾಗಿ ಧ್ರುವ ನೆಲಕ್ಕಿಳಿದ ದಿನವೇ ಪಡೆಯ ಕೈ ಮೋಟಾಯಿತು. ಭೂಸೇನೆ ಮತ್ತು ವಾಯುಪಡೆಯ ಧ್ರುವಗಳಿಗೆ 2025ರ ಮೇ ವೇಳೆಗೆ ಹಾರಲು ಅನುಮತಿ ಸಿಕ್ಕಿತು. ಸಮುದ್ರ ಮಾದರಿಗಳು ಆನಂತರವೂ ತಿಂಗಳುಗಟ್ಟಲೆ ಹ್ಯಾಂಗರಿನಲ್ಲೇ ಉಳಿದವು.

ಆ ಅವಧಿಯಲ್ಲೇ, 2025ರ ಜೂನ್ 9ರಂದು, ಕೇರಳದಾಚೆ 'ವಾನ್ ಹೈ 503' ಕಂಟೇನರ್ ಹಡಗು ಹೊತ್ತಿ ಉರಿಯಿತು. ಬದುಕುಳಿದ 18 ಮಂದಿಯನ್ನು ನೌಕಾಪಡೆಯ ಹಡಗು ಮಂಗಳೂರಿಗೆ ಕರೆತಂದಿತು, ನಾಲ್ವರು ಕಾಣೆಯಾದರು. ಆ ಹಡಗನ್ನು ಎಳೆದೊಯ್ಯಲು ತಂಡವೊಂದನ್ನು ಅದರ ಮೇಲೆ ಇಳಿಸಿದ್ದು ನೌಕಾಪಡೆಯ ಹಳೆಯ ಸೀ ಕಿಂಗ್. ಇನ್ನೊಂದು ಬಗೆಯ ಹೆಲಿಕಾಪ್ಟರ್ ಇದ್ದುದರಿಂದ ಕೆಲಸ ನಡೆಯಿತು ಎಂಬುದೇ ಇಲ್ಲಿನ ಪಾಠ.

ಧ್ರುವ ಹುಟ್ಟಿದ ಬೆಂಗಳೂರಿನಲ್ಲಿ ವಾಸಿಸುವ ನನಗೆ ಇದನ್ನು ಬರೆಯುವುದು ಸುಲಭವಲ್ಲ. 1992ರಲ್ಲಿ ಇಲ್ಲಿ ಮೊದಲು ಹಾರಿದ ಈ ಯಂತ್ರಕ್ಕೆ ಎರಡು ಎಂಜಿನ್‌ಗಳಿವೆ. ಅದರ ಮಾರ್ಕ್-3 ಮಾದರಿಯಲ್ಲಿ ತುರ್ತು ಚಿಕಿತ್ಸೆಯ ಘಟಕವನ್ನೇ ಅಳವಡಿಸಬಹುದು. ಅದನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಕರಾವಳಿ ರಕ್ಷಣಾ ಪಡೆಗಾಗಿ ಇನ್ನೂ 9 ಧ್ರುವಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಮಾರ್ಚ್‌ನಲ್ಲಿ, ಅಂದರೆ ಪೋರಬಂದರಿನ ಮೊದಲ ದುರಂತಕ್ಕೆ ಕೆಲವೇ ತಿಂಗಳ ಮುನ್ನ. ಅವು ಬರಲಿ. ಆದರೆ ಅವುಗಳ ಜೊತೆಗೆ, ಅಲ್ಪ ಸಂಖ್ಯೆಯಲ್ಲಾದರೂ, ಹೆಚ್ಚು ದೂರ ಹಾರಬಲ್ಲ ಬೇರೊಂದು ಅವಳಿ ಎಂಜಿನ್ ಹೆಲಿಕಾಪ್ಟರ್ ಇರಲೇಬೇಕು. ಸ್ವದೇಶಿ ಸಿಗುವವರೆಗೆ ಅದು ಆಮದಾದರೂ ಸರಿ.

ಎರಡು ಬಗೆ ಇಟ್ಟುಕೊಂಡರೆ ಬಿಡಿಭಾಗ, ತರಬೇತಿ, ದುರಸ್ತಿ ಎಲ್ಲಕ್ಕೂ ಇಮ್ಮಡಿ ವೆಚ್ಚ ಎಂಬ ಹಣಕಾಸು ಅಧಿಕಾರಿಗಳ ಆಕ್ಷೇಪ ನಿರಾಧಾರವಲ್ಲ. ಆದರೆ ಯುದ್ಧವಿಮಾನ ಆರು ತಿಂಗಳು ತಡವಾಗಿ ಹಾರಿದರೆ ಸಿದ್ಧತೆಯಷ್ಟೇ ಕುಂದೀತು; ರಕ್ಷಣಾ ಹೆಲಿಕಾಪ್ಟರ್ ಒಂದು ರಾತ್ರಿ ಹಾರದಿದ್ದರೆ ಯಾರದೋ ಮನೆಯ ದೀಪ ಆರುತ್ತದೆ. ಹೀಗಾಗಿ ಕೊಳ್ಳುವಾಗ ಕೇಳಬೇಕಾದದ್ದು ಬೆಲೆ ಎಷ್ಟು, ವೇಗ ಎಷ್ಟು ಎಂದಷ್ಟೇ ಅಲ್ಲ. ಉಪ್ಪುಗಾಳಿಯಲ್ಲಿ ವರ್ಷವಿಡೀ ನಿಂತ ಹತ್ತರಲ್ಲಿ ಎಷ್ಟು ಹೆಲಿಕಾಪ್ಟರ್‌ಗಳು ಮಳೆಗಾಲದ ರಾತ್ರಿ ಮೇಲೇಳುತ್ತವೆ? ಕರೆ ಬಂದ ಗಳಿಗೆಯಿಂದ ಹಗ್ಗ ನೀರಿಗಿಳಿಯುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ? ಖರೀದಿ ಕಡತದ ಮೊದಲ ಪುಟದಲ್ಲಿರಬೇಕಾದ ಪ್ರಶ್ನೆಗಳಿವು.

'ವಯಂ ರಕ್ಷಾಮಃ', ನಾವು ರಕ್ಷಿಸುತ್ತೇವೆ ಎಂಬುದು ಕರಾವಳಿ ರಕ್ಷಣಾ ಪಡೆಯ ಧ್ಯೇಯವಾಕ್ಯ. ಆ ಮಾತು ಉಳಿಸಿಕೊಳ್ಳಲು ಹೊರಟವರೇ ಪೋರಬಂದರಿನಲ್ಲಿ ಜೀವ ತೆತ್ತರು. ಅವರ ಕೈಗೆ ನಂಬಲರ್ಹವಾದ ಯಂತ್ರವನ್ನೂ, ಅದು ಕೆಟ್ಟಾಗ ನೆರವಿಗೆ ಬರುವ ಇನ್ನೊಂದನ್ನೂ ಕೊಡುವುದು ಸರ್ಕಾರದ ಹೊಣೆ.