ಮುನಿದ ಊರು

ನಮ್ಮ ಆಲಂಕಾರಿಕರು ವಿಪ್ರಲಂಭ ಶೃಂಗಾರವನ್ನು ಪೂರ್ವರಾಗ, ಮಾನ, ಪ್ರವಾಸ, ಕರುಣವೆಂದು ನಾಲ್ಕು ಬಗೆಯಾಗಿ ವಿಂಗಡಿಸಿರುವರು. ಇವುಗಳಲ್ಲಿ ಮಾನವೆಂಬುದು ಬಹು ಸ್ವಾರಸ್ಯವಾದುದು. ಅದು ಕೋಪವೇ ಸರಿ. ಆದರೆ ಪ್ರೀತಿಯಿಲ್ಲದ ಕಡೆ ಹುಟ್ಟಲಾರದ ಕೋಪ. ನಾಯಿಕಾನಾಯಕರಲ್ಲಿ ಇದನ್ನು ನಾವು ಕಾವ್ಯಗಳಲ್ಲಿ ಬೇಕಾದಷ್ಟು ಕಂಡಿರುವೆವು. ಒಂದು ಇಡೀ ಪಟ್ಟಣವೇ ಒಬ್ಬ ಚೆಂಡಾಟಗಾರನ ಮೇಲೆ ನಾಲ್ಕು ವರ್ಷಕಾಲ ಮುನಿದು ಕುಳಿತ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುವೆನು. ಆಟದ ಸಂಗತಿ ನಮಗೇತಕ್ಕೆಂದು ತಾಯಂದಿರು ಪುಟವನ್ನು ಮಗುಚಬಾರದಾಗಿ ಪ್ರಾರ್ಥನೆ. ಇದು ಆಟಕ್ಕಿಂತ ಹೆಚ್ಚಾಗಿ ಮನೆಯ ಸಂಗತಿ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಒಹಾಯೊ ಪ್ರಾಂತದಲ್ಲಿ ಈರೀ ಎಂಬ ಮಹಾಸರೋವರದ ದಡದಲ್ಲಿ ಕ್ಲೀವ್‌ಲೆಂಡ್ ಎಂಬ ಪಟ್ಟಣವಿದೆ. ಉಕ್ಕಿನ ಕಾರ್ಖಾನೆಗಳಿಂದ ಒಂದು ಕಾಲಕ್ಕೆ ಬಹಳ ಸಂಪನ್ನವಾಗಿದ್ದ ಊರು. ೧೯೫೦ರಲ್ಲಿ ಅಲ್ಲಿ ಒಂಬತ್ತು ಲಕ್ಷಕ್ಕೆ ಮೇಲ್ಪಟ್ಟು ಜನರಿದ್ದರು. ೨೦೧೦ರ ವೇಳೆಗೆ ನಾಲ್ಕು ಲಕ್ಷಕ್ಕೂ ಕಡಿಮೆಯಾಗಿದ್ದರು. ಕೆಲಸ ಹೋಯಿತು, ಕೆಲಸದ ಹಿಂದೆ ಮಕ್ಕಳು ಹೋದರು. ೧೯೬೪ರಲ್ಲಿ ಅಲ್ಲಿಯ ಕಾಲ್ಚೆಂಡಿನ ತಂಡವು ದೇಶದ ಪ್ರಶಸ್ತಿಯನ್ನು ಗೆದ್ದ ತರುವಾಯ ಊರಿನ ಯಾವ ದೊಡ್ಡ ತಂಡಕ್ಕೂ ಅಂಥ ಗೆಲವು ಒದಗಿರಲಿಲ್ಲ. ಅಷ್ಟೇ ಅಲ್ಲ, ೧೯೯೬ರಲ್ಲಿ ಆ ತಂಡದ ಒಡೆಯನೇ ತನ್ನ ಆಟಗಾರರನ್ನೆಲ್ಲ ಕರೆದುಕೊಂಡು ಬಾಲ್ಟಿಮೋರಿಗೆ ಹೊರಟುಹೋದನು. ತನ್ನನ್ನು ಬಿಟ್ಟುಹೋಗುವವರನ್ನು ನೋಡಿ ನೋಡಿ ಬೆಂದ ಊರು ಅದು. ಈ ಹಿನ್ನೆಲೆಯನ್ನು ಮರೆತರೆ ಮುಂದಿನದೆಲ್ಲ ಹುಚ್ಚಾಟವಾಗಿ ತೋರುವುದು.

ಅಲ್ಲಿಂದ ಸುಮಾರು ೪೦ ಮೈಲಿ ದಕ್ಷಿಣಕ್ಕೆ ಏಕ್ರನ್ ಎಂಬ ಊರು. ರಬ್ಬರಿನ ಚಕ್ರಗಳಿಗೆ ಹೆಸರಾದುದು. ೧೯೮೪ನೆಯ ಡಿಸೆಂಬರ್ ೩೦ರಂದು ಅಲ್ಲಿ ಲೆಬ್ರಾನ್ ಜೇಮ್ಸ್ ಹುಟ್ಟಿದನು. ತಾಯಿಗೆ ಆಗ ಹದಿನಾರು ವರ್ಷ. ತಂದೆಯ ಆಶ್ರಯವಿಲ್ಲದೆ, ಮನೆಯಿಂದ ಮನೆಗೆ ಅಲೆಯುತ್ತ ಬೆಳೆದ ಹುಡುಗನು ಶಾಲೆಯಲ್ಲಿರುವಾಗಲೇ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ದೇಶವೆಲ್ಲ ಬೆರಗಾಗುವಂತೆ ಪ್ರಸಿದ್ಧನಾದನು. ಆ ದೇಶದಲ್ಲಿ ಹೊಸ ಆಟಗಾರರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಸೋತ ತಂಡಗಳೊಳಗೆ ಚೀಟಿಯೆತ್ತಿ ಮೊದಲ ಸರದಿ ಯಾರದೆಂದು ಗೊತ್ತುಮಾಡುವುದುಂಟು. ೨೦೦೩ರಲ್ಲಿ ಆ ಚೀಟಿ ಕ್ಲೀವ್‌ಲೆಂಡಿನ ಕ್ಯಾವಲಿಯರ್ಸ್ ತಂಡಕ್ಕೆ ಬಂದಿತು. ಹಿಂದಿನ ವರ್ಷ ೮೨ ಆಟಗಳಲ್ಲಿ ೧೭ನ್ನು ಮಾತ್ರ ಗೆದ್ದಿದ್ದ ತಂಡಕ್ಕೆ ನೆರೆಯೂರಿನ ಮಗನೇ ದೊರೆತನು! ದೈವವೇ ಕಳುಹಿಸಿತೆಂದು ಜನರು ನಂಬಿದರೆ ಅವರನ್ನು ಆಕ್ಷೇಪಿಸುವಂತಿಲ್ಲ. ಪಟ್ಟಣದ ನಡುವೆ ಒಂದು ಕಟ್ಟಡದ ಗೋಡೆಯ ಮೇಲೆ ಹತ್ತು ಅಂತಸ್ತಿನೆತ್ತರಕ್ಕೆ ಅವನ ಚಿತ್ರಪಟವನ್ನು ತೂಗುಹಾಕಿದರು.

ಏಳು ವರ್ಷ ಆಡಿದನು. ೨೦೦೭ರಲ್ಲಿ ಅಂತಿಮ ಪಂದ್ಯಗಳವರೆಗೂ ತಂಡವನ್ನು ಒಯ್ದನು, ಗೆಲವು ಕೈಗೂಡಲಿಲ್ಲ. ಒಪ್ಪಂದದ ಅವಧಿ ಮುಗಿದು, ೨೦೧೦ನೆಯ ಜುಲೈ ೮ರಂದು ದೂರದರ್ಶನದಲ್ಲಿ ಒಂದು ಗಂಟೆಯ ವಿಶೇಷ ಕಾರ್ಯಕ್ರಮವನ್ನೇರ್ಪಡಿಸಿ, ಸುಮಾರು ಒಂದು ಕೋಟಿ ಜನ ನೋಡುತ್ತಿರುವಾಗ, ತಾನು ಮಯಾಮಿಯ ತಂಡಕ್ಕೆ ಹೋಗುವೆನೆಂದು ಸಾರಿದನು. ಆ ಕಾರ್ಯಕ್ರಮದ ಹಣ ಮಕ್ಕಳ ಸಂಘಗಳಿಗೆ ಸಂದಿತೆಂಬುದು ನಿಜ. ಆ ರಾತ್ರಿ ಕ್ಲೀವ್‌ಲೆಂಡಿನ ಬೀದಿಗಳಲ್ಲಿ ಅವನ ಹೆಸರಿನ ಅಂಗಿಗಳು ಉರಿದುವು. ಗೋಡೆಯ ಪಟವನ್ನು ಕೆಲವೇ ದಿನಗಳಲ್ಲಿ ಇಳಿಸಿದರು. ತಂಡದ ಒಡೆಯನಾದ ಡ್ಯಾನ್ ಗಿಲ್ಬರ್ಟನು ಅದೇ ರಾತ್ರಿ ಒಂದು ಬಹಿರಂಗಪತ್ರವನ್ನು ಪ್ರಕಟಿಸಿ, ಬಿಟ್ಟುಹೋದವನಿಗಿಂತ ಮೊದಲು ತನ್ನ ತಂಡವೇ ಪ್ರಶಸ್ತಿ ಗೆಲ್ಲುವುದೆಂದು ಪ್ರತಿಜ್ಞೆ ಮಾಡಿದನು. ಕೋಪದಲ್ಲಿ ಮಾಡಿದ ಪ್ರತಿಜ್ಞೆ, ನೆರವೇರಲಿಲ್ಲ. ಅವನು ಆಡಿದ ಬಿರುನುಡಿಗಳಿಗಾಗಿ ಸಂಘದ ಅಧ್ಯಕ್ಷನು ಅವನಿಗೆ ಒಂದು ಲಕ್ಷ ಡಾಲರುಗಳ ದಂಡ ವಿಧಿಸಿದನು.

ಅದೇ ವರ್ಷದ ಡಿಸೆಂಬರ್ ೨ರಂದು ಅವನು ಪರತಂಡದ ಅಂಗಿ ತೊಟ್ಟು ಹಳೆಯ ಅಂಗಣಕ್ಕೆ ಬಂದನು. ಚೆಂಡು ಅವನ ಕೈಗೆ ಬಂದಾಗಲೆಲ್ಲ ಇಪ್ಪತ್ತು ಸಾವಿರ ಕಂಠಗಳು ಧಿಕ್ಕಾರ ಮಾಡಿದುವು. ಅವನು ೩೮ ಅಂಕಗಳನ್ನು ಗಳಿಸಿದನು. ಮಯಾಮಿ ೧೧೮, ಕ್ಲೀವ್‌ಲೆಂಡ್ ೯೦. ಹಿಂದಿನ ವರ್ಷ ೬೧ ಆಟಗಳನ್ನು ಗೆದ್ದಿದ್ದ ತಂಡವು ಆ ವರ್ಷ ಒಂದಾದಮೇಲೊಂದರಂತೆ ೨೬ ಆಟಗಳನ್ನು ಸೋತು, ಕಡೆಗೆ ಒಟ್ಟು ೧೯ ಗೆಲವುಗಳಲ್ಲಿ ನಿಂತಿತು.

ಇಲ್ಲಿ ನ್ಯಾಯವೇನು? ಆಟಗಾರನು ಕೂಲಿಯವನು, ಒಪ್ಪಂದ ತೀರಿದಮೇಲೆ ತನಗೆ ಲೇಸಾದ ಕಡೆಗೆ ಹೋಗಲು ಅವನಿಗೆ ಪೂರ್ಣ ಹಕ್ಕುಂಟು. ಧನಿಕನಾದ ಒಡೆಯನು ಅವನನ್ನು ದ್ರೋಹಿಯೆಂಬಂತೆ ಬೈದದ್ದು ನನಗಂತೂ ಅಸಹ್ಯವಾಗಿ ತೋರುತ್ತದೆ. ಆದರೆ ಬೀದಿಯಲ್ಲಿ ನಿಂತು ಅಂಗಿ ಸುಟ್ಟ ಬಡವನ ಮಾತು ಬೇರೆ. ಅವನು ಆ ಅಂಗಿಯನ್ನು ತನ್ನ ಸಂಬಳದ ಹಣದಿಂದ ಕೊಂಡಿದ್ದನು. ಮಗನು ದೂರದೂರಿಗೆ ಕೆಲಸಕ್ಕೆ ಹೋಗುವುದನ್ನು ನಮ್ಮ ಮನೆಗಳಲ್ಲಿ ತಾಯಂದಿರು ತಡೆಯುವುದಿಲ್ಲ. ಕಣ್ಣೊರಸಿಕೊಂಡು ಬುತ್ತಿ ಕಟ್ಟಿಕೊಡುವರು. ಅದೇ ಮಗನು ಮನೆಯಲ್ಲಿ ಒಂದು ಮಾತು ಹೇಳದೆ, ಊರ ಜಾತ್ರೆಯಲ್ಲಿ ನಿಂತು ಡಂಗುರ ಹೊಡೆಸಿದರೆ? ಕ್ಲೀವ್‌ಲೆಂಡಿನವರು ಆ ಸುದ್ದಿಯನ್ನು ಲೋಕದ ಇತರರೊಡನೆ, ಇತರರಂತೆಯೇ ಕೇಳಬೇಕಾಯಿತು. ಉರಿ ಹತ್ತಿದುದು ಅಲ್ಲಿ.

ಮಯಾಮಿಯಲ್ಲಿ ಅವನಿಗೆ ೨೦೧೨, ೨೦೧೩ರಲ್ಲಿ ಎರಡು ಪ್ರಶಸ್ತಿಗಳು ದೊರೆತುವು. ಬಳಿಕ ೨೦೧೪ನೆಯ ಜುಲೈ ೧೧ರಂದು ಒಂದು ಕ್ರೀಡಾಪತ್ರಿಕೆಯಲ್ಲಿ ಅವನ ಹೆಸರಿನ ಲೇಖನವೊಂದು ಹೊರಬಿದ್ದಿತು: ತಾನು ಮನೆಗೆ ಮರಳುತ್ತಿರುವೆನೆಂದು. ಈ ಸಲ ದೀಪಾಲಂಕಾರವಿಲ್ಲ, ಸಭೆಯಿಲ್ಲ, ಬರಿಯ ಬರವಣಿಗೆ. ಪ್ರಶಸ್ತಿಯನ್ನು ಕೂಡಲೇ ತಂದುಕೊಡುವೆನೆಂಬ ಆಶ್ವಾಸನೆಯನ್ನು ಅವನು ಕೊಡಲಿಲ್ಲ. ಗಿಲ್ಬರ್ಟನೊಡನೆ ಎದುರುಬದುರಾಗಿ ಕುಳಿತು ಮಾತಾಡಿ ಹಳೆಯದನ್ನು ಇತ್ಯರ್ಥಮಾಡಿಕೊಂಡುದನ್ನು ತಿಳಿಸಿದನು. ಅಂಗಿ ಸುಟ್ಟವರ ವಿಷಯದಲ್ಲಿ ಅವನು ಬರೆದುದು ನನ್ನ ಮನಸ್ಸನ್ನು ಮುಟ್ಟಿತು: ತಾನೇ ಒಬ್ಬ ಹುಡುಗನಾಗಿದ್ದು, ಆದರ್ಶವೆಂದು ನಂಬಿದ ಆಟಗಾರನು ಬಿಟ್ಟುಹೋಗಿದ್ದರೆ ತನಗೆ ಹೇಗಾಗುತ್ತಿದ್ದಿತೆಂದು ಅವನು ಕೇಳಿಕೊಂಡಿದ್ದನು.

ಮಾನವನ್ನು ಕಳೆಯಲು ಸಾಮ, ಭೇದ, ದಾನ, ನತಿ, ಉಪೇಕ್ಷೆ, ರಸಾಂತರವೆಂದು ಆರು ಉಪಾಯಗಳನ್ನು ಸಾಹಿತ್ಯದರ್ಪಣಕಾರನು ಹೇಳಿರುವನು. ಈ ಜೇಮ್ಸನು ಅಲಂಕಾರಶಾಸ್ತ್ರವನ್ನು ಓದಿದವನಲ್ಲ. ಆದರೂ ಸಾಮೋಪಾಯವನ್ನು ಇಷ್ಟು ಚೆನ್ನಾಗಿ ಪ್ರಯೋಗಿಸಿದವರನ್ನು ಕಾವ್ಯಗಳಲ್ಲಿಯೂ ಹುಡುಕಬೇಕು! ಆ ಮಧ್ಯಾಹ್ನವೇ ಜನರು ಬೀದಿಗಿಳಿದು ಕುಣಿದರು. ಕಾರುಗಳ ಕೊಂಬು ರಾತ್ರಿಯವರೆಗೂ ಮೊಳಗಿತು. ಆಗಸ್ಟ್ ೮ರಂದು ಏಕ್ರನ್ನಿನ ವಿಶ್ವವಿದ್ಯಾನಿಲಯದ ಮೈದಾನದಲ್ಲಿ ಸ್ವಾಗತಸಭೆಯೊಂದು ನಡೆಯಿತು. ಸಾವಿರಾರು ಕುಟುಂಬಗಳು ಮಕ್ಕಳುಮರಿಗಳೊಡನೆ ನೆರೆದುವು. ಗೋಡೆಯ ಮೇಲೆ ಹೊಸ ಪಟವೇರಿತು. ಅದರಲ್ಲಿ ಅವನು ಬೆನ್ನು ತೋರಿಸಿ ಕೈಚಾಚಿ ನಿಂತಿದ್ದನು. ಬೆನ್ನಿನ ಮೇಲೆ ಅವನ ಹೆಸರಿರಬೇಕಾದಲ್ಲಿ ಊರಿನ ಹೆಸರಿದ್ದಿತು.

ಗೆಲ್ಲಿಸುವವನು ಬಂದನೆಂದು ಕುಣಿದರೇ ಹೊರತು ಇದು ಪ್ರೀತಿಯೇ ಎಂದು ಕೇಳುವವರುಂಟು. ಆ ಸಂಶಯವನ್ನು ತಳ್ಳಿಹಾಕಲಾಗದು. ಆದರೆ ಅಕ್ಟೋಬರ್ ೩೦ರಂದು ಊರಿನಲ್ಲಿ ನಡೆದ ಮೊದಲನೆಯ ಆಟವನ್ನೇ ತಂಡ ಸೋತಿತು. ೨೦೧೫ರ ಅಂತಿಮ ಪಂದ್ಯಗಳನ್ನೂ ಸೋತಿತು. ಆಗ ಯಾರೂ ಅಂಗಿ ಸುಡಲಿಲ್ಲ.

೨೦೧೬ರ ಅಂತಿಮ ಪಂದ್ಯಗಳಲ್ಲಿ ಗೋಲ್ಡನ್ ಸ್ಟೇಟ್ ತಂಡವು ಮೂರು ಆಟಗಳನ್ನೂ ಕ್ಲೀವ್‌ಲೆಂಡ್ ಒಂದನ್ನೂ ಗೆದ್ದಿದ್ದವು. ಆ ಸ್ಥಿತಿಯಿಂದ ಮೇಲೆದ್ದು ಪ್ರಶಸ್ತಿ ಗೆದ್ದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಜೂನ್ ೧೯ರ ಏಳನೆಯ ಆಟದಲ್ಲಿ ಎರಡು ನಿಮಿಷಕ್ಕೂ ಕಡಿಮೆ ಹೊತ್ತು ಉಳಿದಿದ್ದು, ಎರಡು ಕಡೆಗೂ ೮೯ ಅಂಕಗಳಿದ್ದಾಗ, ಎದುರಾಳಿಯು ಬುಟ್ಟಿಗೆ ಹಾಕಲಿದ್ದ ಚೆಂಡನ್ನು ಜೇಮ್ಸನು ಹಿಂದಿನಿಂದ ಓಡಿಬಂದು ಹಾರಿ ಹಲಗೆಗೆ ಬಡಿದನು. ೯೩ಕ್ಕೆ ೮೯ರಂತೆ ಆಟ ಮುಗಿದಾಗ ನೆಲದ ಮೇಲೆ ಮುಖವಿಟ್ಟು ಅತ್ತನು. ೫೨ ವರ್ಷಗಳ ಬರ ಹಿಂಗಿತು. ಜೂನ್ ೨೨ರ ಮೆರವಣಿಗೆಗೆ ಸುಮಾರು ೧೩ ಲಕ್ಷ ಜನ ಸೇರಿದ್ದರೆಂದು ಅಂದಾಜು. ಊರಿನ ಜನಸಂಖ್ಯೆಯ ಮೂರರಷ್ಟು! ಕೆಲಸ ಹುಡುಕಿ ಬೇರೆ ಊರುಗಳಿಗೆ ಹೋಗಿದ್ದ ಮಕ್ಕಳೆಷ್ಟು ಮಂದಿ ಅಂದು ಮರಳಿ ಬಂದಿದ್ದರೋ!

೨೦೧೮ರಲ್ಲಿ ಅವನು ಮತ್ತೆ ಹೊರಟನು, ಈ ಸಲ ಲಾಸ್ ಏಂಜಲೀಸಿಗೆ. ಸುದ್ದಿ ಒಂದೆರಡು ಸಾಲುಗಳಲ್ಲಿ ಮುಗಿಯಿತು. ಅದೇ ಜುಲೈ ತಿಂಗಳಲ್ಲಿ, ಓದಿನಲ್ಲಿ ಹಿಂದುಳಿದ ಬಡಮಕ್ಕಳಿಗಾಗಿ ಅವನ ಪ್ರತಿಷ್ಠಾನದ ನೆರವಿನಿಂದ ಏಕ್ರನ್ನಿನಲ್ಲಿ ಒಂದು ಸಾರ್ವಜನಿಕ ಶಾಲೆ ತೆರೆಯಲ್ಪಟ್ಟಿತು. ಉಪಾಧ್ಯಾಯನಾದ ನನಗೆ ಆಟದ ಅಂಕಗಳಿಗಿಂತ ಇದು ಹೆಚ್ಚೆನಿಸಿದರೆ ವಾಚಕರು ಕ್ಷಮಿಸುವರು.

ನವೆಂಬರ್ ೨೧ರಂದು ಅವನು ಪರತಂಡದ ಅಂಗಿಯಲ್ಲಿಯೇ ಪುನಃ ಆ ಅಂಗಣಕ್ಕೆ ಬಂದನು. ಆ ಶಾಲೆಯ ಮಕ್ಕಳನ್ನೊಳಗೊಂಡ ಚಲಚ್ಚಿತ್ರವೊಂದನ್ನು ನಡುವೆ ತೋರಿಸಿದರು. ಅವನು ೩೨ ಅಂಕಗಳನ್ನು ಗಳಿಸಿ ಕ್ಲೀವ್‌ಲೆಂಡನ್ನು ಸೋಲಿಸಿದನು. ಎಂಟು ವರ್ಷಗಳ ಹಿಂದೆ ಧಿಕ್ಕರಿಸಿದ್ದ ಜನವೇ ಅಂದು ಎದ್ದುನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿತು.