ಮಗುವಿನ ಹೆಸರು, ಅಪ್ಪನ ದಾಸ್ತಾನು

ಕಳೆದ ತಿಂಗಳು ಕಾರವಾರದಲ್ಲಿ ಮಿತ್ರರೊಬ್ಬರ ಮನೆಗೆ ಹೋಗುವ ಪ್ರಸಂಗ ಬಂದಿತು. ಚಹಾ ಮುಗಿಯುತ್ತಲೇ ಅವರು ಕಪಾಟಿನ ಬೀಗ ತೆಗೆದು ದಪ್ಪನೆಯದೊಂದು ಆಲ್ಬಮ್ ಹೊರತಂದರು. ಪುಟಪುಟದಲ್ಲಿಯೂ ಪ್ಲಾಸ್ಟಿಕ್ ಲಕೋಟೆ. ಲಕೋಟೆಗೊಂದರಂತೆ ಕ್ರಿಕೆಟ್ ಆಟಗಾರರ ಬಣ್ಣದ ಕಾರ್ಡು. ಅದರ ಜೊತೆಗೆ ಒಡೆಯದೆ ಇಟ್ಟ ಹತ್ತಾರು ಪೊಟ್ಟಣಗಳು ಬೇರೆ. "ಎಲ್ಲ ಮಗನ ಸಲುವಾಗಿ ಮಾಡಿದ್ದು ಮಾಸ್ತರೆ. ಅವ ದೊಡ್ಡವನಾಗುವಷ್ಟರಲ್ಲಿ ಇದರ ಬೆಲೆ ಎಲ್ಲಿಗೆ ಹೋಗ್ತದೋ!" ಎಂದರು. ಆ ಮಗನಿಗೆ ಇನ್ನೂ ಐದು ತುಂಬಿಲ್ಲ. ಅವನು ಬಾಗಿಲ ಮರೆಯಿಂದ ಬಂದು ಒಂದು ಕಾರ್ಡಿನ ಮೇಲೆ ಬೆರಳಿಟ್ಟನೋ ಇಲ್ಲವೋ, "ಮುಟ್ಟಬೇಡ, ಕಲೆ ಬೀಳ್ತದೆ" ಎಂದು ತಂದೆ ಗದರಿದರು. ಹುಡುಗ ಕೈ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟ.

ಮಗುವಿನ ಸಂಗ್ರಹವಂತೆ, ಮಗು ಮುಟ್ಟಕೂಡದಂತೆ! ಇಂಥ ವಿಚಿತ್ರ ನ್ಯಾಯ ಈಗ ಒಂದು ಮನೆಯದಾಗಿ ಉಳಿದಿಲ್ಲ. ಕೈಯಲ್ಲಿ ನಾಲ್ಕು ಕಾಸು ಆಡುವ ನಮ್ಮ ಮಧ್ಯಮ ವರ್ಗದ ತಂದೆತಾಯಂದಿರು ಮಗು ನಡೆಯಲು ಕಲಿಯುವ ಮೊದಲೇ ಅದರ ಹೆಸರಿನಲ್ಲಿ ಅಂಚೆಚೀಟಿ, ನಾಣ್ಯ, ಆಟಗಾರರ ಕಾರ್ಡು ಕೂಡಿಹಾಕತೊಡಗಿದ್ದಾರೆ. ಇದನ್ನು ಅವರು ಹವ್ಯಾಸವೆಂದು ಕರೆಯುತ್ತಾರೆ. ನಾನು ಇದನ್ನು ದಾಸ್ತಾನು ಎಂದು ಕರೆಯುತ್ತೇನೆ. ಅಕ್ಕಿ ಅಂಗಡಿಯವನು ಮಳೆಗಾಲಕ್ಕೆಂದು ಮೂಟೆ ಒಟ್ಟುವುದಕ್ಕೂ ಇದಕ್ಕೂ ನನಗೆ ಹೆಚ್ಚಿನ ಭೇದ ಕಾಣುವುದಿಲ್ಲ. ಅಂಗಡಿಯವನಾದರೂ ಅದನ್ನು ಮಗನ ಆಟವೆಂದು ಹೇಳಿಕೊಳ್ಳುವುದಿಲ್ಲ.

ಮೊದಲು ಬೆಲೆಯ ಮಾತನ್ನೇ ಎತ್ತಿಕೊಳ್ಳೋಣ. ಏಕೆಂದರೆ ಈ ಮಹಾಶಯರೆಲ್ಲರ ಕಣ್ಣು ಇರುವುದು ಅಲ್ಲಿ. ಅವರು ಉದಾಹರಣೆ ಕೊಡುವುದು ಅಮೆರಿಕದ ಬೇಸ್‌ಬಾಲ್ ಕಾರ್ಡುಗಳದ್ದು. 2022ರ ಆಗಸ್ಟಿನಲ್ಲಿ ಮಿಕಿ ಮ್ಯಾಂಟಲ್ ಎಂಬ ಆಟಗಾರನ 1952ರ ಒಂದು ಕಾರ್ಡು 126 ಲಕ್ಷ ಡಾಲರಿಗೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿಗೆ, ಹರಾಜಾದದ್ದು ನಿಜ. ಆದರೆ ಆ ಕಾರ್ಡಿನ ಪೂರ್ವೋತ್ತರ ಏನು? ಅದು ಟಾಪ್ಸ್ ಎಂಬ ಚೂಯಿಂಗ್ ಗಮ್ ಕಂಪನಿ ಮಕ್ಕಳಿಗಾಗಿ ಅಗ್ಗದ ಪೊಟ್ಟಣದಲ್ಲಿ ಹಾಕಿ ಮಾರಿದ ಚಿತ್ರ. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ಹೇರಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆನೆಂದು ಆ ಕಾರ್ಡುಗಳನ್ನು ರೂಪಿಸಿದ ಸೈ ಬರ್ಗರ್ ಅವರೇ ಹೇಳಿದ್ದಾರೆ. ಹುಡುಗರ ಕೈಗೆ ಹೋದವುಗಳಲ್ಲಿ ಬಹುಪಾಲು ಸೈಕಲ್ಲಿನ ಚಕ್ರದ ಕಡ್ಡಿಗಳ ನಡುವೆ ಪಟಪಟನೆ ಸದ್ದು ಮಾಡಿ ಹರಿದುಹೋದವು. ಉಳಿದವನ್ನು ತಾಯಂದಿರು ಕಸದ ಜೊತೆ ಹೊರಗೆಸೆದರು. ಹೀಗೆ ಮುಕ್ಕಾಲು ನಾಶವಾದ್ದರಿಂದಲೇ ಅಳಿದುಳಿದ ಒಂದೆರಡಕ್ಕೆ ಆ ಬೆಲೆ ಬಂದಿತು.

ಮುಂದಿನ ಕಥೆಯನ್ನು ನಮ್ಮ ದಾಸ್ತಾನುಗಾರರು ಹೇಳುವುದಿಲ್ಲ. ಹಳೆಯ ಕಾರ್ಡಿಗೆ ಬೆಲೆಯಿದೆಯೆಂಬ ಸುದ್ದಿ ಹಬ್ಬಿದ್ದೇ ತಡ, 1980ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ ಅಮೆರಿಕದ ಗೃಹಸ್ಥರು ಮಕ್ಕಳ ಹೆಸರಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಕಾರ್ಡು ಕೊಂಡು, ಒಡೆಯದೆ, ಗಾಳಿ ಸೋಕಿಸದೆ ಇಟ್ಟರು. ಕಂಪನಿಗಳು ಬೇಡಿಕೆ ನೋಡಿ ಲೆಕ್ಕವಿಲ್ಲದಷ್ಟು ಮುದ್ರಿಸಿದವು. ಆ ಮಕ್ಕಳಿಗೀಗ ನನ್ನಷ್ಟೇ ವಯಸ್ಸು. ಅವರ ತಂದೆಯವರು ಜೋಪಾನವಾಗಿ ಇಟ್ಟ ಆ ಕಾರ್ಡುಗಳಲ್ಲಿ ಬಹಳಷ್ಟಕ್ಕೆ ಇಂದು ಕಾಗದದ ಬೆಲೆಯೂ ಇಲ್ಲ. ಎಲ್ಲರೂ ಕಾಪಾಡಿದ ವಸ್ತು ಯಾರಿಗೂ ಅಪರೂಪವಾಗುವುದಿಲ್ಲ. ಮಗ ದೊಡ್ಡವನಾದಾಗ ಲಕ್ಷಾಧೀಶನಾಗಬೇಕೆಂಬ ಆಸೆಯಿದ್ದವರು ಅಂಚೆ ಕಚೇರಿಯಲ್ಲಿ ಅವನ ಹೆಸರಿನಲ್ಲಿ ಒಂದು ಖಾತೆ ತೆರೆಯಲಿ. ಅದಕ್ಕೆ ಬಡ್ಡಿಯಾದರೂ ಬರುತ್ತದೆ, ಅದನ್ನು ಮುಟ್ಟಿದೆಯೆಂದು ಮಗುವನ್ನು ಗದರುವ ಪ್ರಸಂಗವೂ ಬರುವುದಿಲ್ಲ.

"ದುಡ್ಡಿನ ಮಾತು ಬಿಡಿ, ಸಂಗ್ರಹದಿಂದ ಮಗುವಿಗೆ ಶಿಸ್ತು ಬರುತ್ತದೆ, ಭೂಗೋಲ ತಿಳಿಯುತ್ತದೆ, ಮೊಬೈಲಿನ ಹುಚ್ಚಾದರೂ ತಪ್ಪುತ್ತದೆ" ಎಂದು ವಾದಿಸುವವರುಂಟು. ಇದು ತೂಕವುಳ್ಳ ವಾದ. ಸಂಗ್ರಹದಿಂದ ಇವೆಲ್ಲ ಬರುವುದುಂಟು. ಆದರೆ ಬರುವುದು ಸಂಗ್ರಹಿಸಿದವನಿಗೆ. 1987ರಲ್ಲಿ ವಿಶ್ವಕಪ್ ಪಂದ್ಯಗಳು ಭಾರತ ಪಾಕಿಸ್ತಾನಗಳಲ್ಲಿ ನಡೆದಾಗ ನಾನು ಅಂಕೋಲೆಯಲ್ಲಿ ಎರಡನೆಯ ಇಯತ್ತೆಯ ಹುಡುಗ. ಬಬಲ್ ಗಮ್ಮಿನ ಜೊತೆ ಕ್ರಿಕೆಟಿಗರ ಚಿತ್ರಗಳು ಬರುತ್ತಿದ್ದ ಕಾಲವದು. ಗಮ್ಮಿಗೆ ಮನೆಯಲ್ಲಿ ಕಾಸು ಸಿಗುತ್ತಿರಲಿಲ್ಲ. ಗೇರುಬೀಜ ಹೆಕ್ಕಿಕೊಟ್ಟದ್ದಕ್ಕೆ ಅಜ್ಜಿ ಕೊಟ್ಟ ನಾಲ್ಕಾಣೆಯಲ್ಲಿ ಅದಕ್ಕೆ ದಾರಿಯಾಗುತ್ತಿತ್ತು. ಕಪಿಲ್ ದೇವರ ಎರಡು ಚಿತ್ರ ಕೊಟ್ಟರೆ ರಿಚರ್ಡ್ಸನ ಒಂದು. ಮೂಲೆ ಮಡಚಿದ್ದರೆ ಮೇಲೊಂದು ಕೊಡಬೇಕು. ಕೊಟ್ಟ ಮೇಲೆ ತಿರುಗಿ ಕೇಳಕೂಡದು. ಈ ಕಾಯಿದೆಗಳನ್ನು ಯಾವ ಮಾಸ್ತರರೂ ನಮಗೆ ಕಲಿಸಿರಲಿಲ್ಲ. ವೆಸ್ಟ್ ಇಂಡೀಸ್ ಎಲ್ಲಿದೆಯೆಂದು ನಾನು ನಕಾಶೆಯಲ್ಲಿ ಹುಡುಕಿದ್ದು ಆ ಒಂದು ಚಿತ್ರದ ಸಲುವಾಗಿ. ಮೋಸ ಹೋದಾಗ ಅತ್ತದ್ದೂ ಮೋಸ ಮಾಡಿ ರಾತ್ರಿ ನಿದ್ದೆಗೆಟ್ಟದ್ದೂ ಆ ಪಾಟಿಚೀಲದೊಳಗಿನ ಚಿತ್ರಗಳ ದೆಸೆಯಿಂದಲೇ. ಯಾರಾದರೂ ಪೂರ್ತಿ ಕಟ್ಟನ್ನು ಒಮ್ಮೆಲೇ ತಂದು ಕೊಟ್ಟುಬಿಟ್ಟಿದ್ದರೆ ನನಗೆ ಇವುಗಳಲ್ಲಿ ಯಾವುದೂ ದಕ್ಕುತ್ತಿರಲಿಲ್ಲ.

ಅಂಚೆ ಇಲಾಖೆಯವರಿಗೂ ಈ ವಿವೇಕವಿದೆ. 2017ರಲ್ಲಿ ಅವರು ಅಂಚೆಚೀಟಿ ಸಂಗ್ರಹಿಸುವ ಮಕ್ಕಳಿಗಾಗಿ ವರ್ಷಕ್ಕೆ 6,000 ರೂಪಾಯಿಯ ದೀನದಯಾಳ್ ಸ್ಪರ್ಶ್ ವಿದ್ಯಾರ್ಥಿವೇತನವನ್ನು ಆರಂಭಿಸಿದಾಗ, ಅದನ್ನು ಆರರಿಂದ ಒಂಬತ್ತನೆಯ ತರಗತಿಯವರಿಗೆಂದು ಇಟ್ಟರು. ಪ್ರಶ್ನೋತ್ತರದಲ್ಲಿ ಗೆಲ್ಲಬೇಕು, ಚೀಟಿಗಳನ್ನು ಆಧರಿಸಿ ಸ್ವಂತ ಪ್ರಬಂಧವೊಂದನ್ನು ಸಿದ್ಧಪಡಿಸಬೇಕು. ಅಪ್ಪನ ಕಪಾಟಿನಲ್ಲಿ ಎಷ್ಟು ಆಲ್ಬಮ್ ಇವೆಯೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇಷ್ಟು ಉಪದೇಶ ಮಾಡುವ ನಾನು ಈ ವಿಷಯದಲ್ಲಿ ನಿರಪರಾಧಿಯೇನಲ್ಲ. ಅದನ್ನು ಹೇಳದಿದ್ದರೆ ಈ ಬರವಣಿಗೆ ಅಪ್ರಾಮಾಣಿಕವಾದೀತು. ನನ್ನ ಮಗಳಿಗೆ ಆರು ವರ್ಷವಾದಾಗ ನಾನೂ ಪರಊರಿನಿಂದ ದೇಶವಿದೇಶಗಳ 500 ಅಂಚೆಚೀಟಿಗಳ ಕಟ್ಟೊಂದನ್ನು ತಂದೆ. ಪ್ರತಿ ರವಿವಾರ ಅವಳನ್ನು ಎದುರಿಗೆ ಕೂಡಿಸಿಕೊಂಡು ದೇಶವಾರು ವಿಂಗಡಿಸಿ ನಾನೇ ಅಂಟಿಸಿದೆ. ಅವಳು ಆಕಳಿಸುತ್ತ ಕೂತಿರುತ್ತಿದ್ದಳು. ಎರಡು ತಿಂಗಳಿಗೆ ಆ ಪುಸ್ತಕ ಕಪಾಟು ಸೇರಿತು. ಹುಡುಗಿಗೆ ಆಸಕ್ತಿಯಿಲ್ಲವೆಂದು ನಾನು ಹೆಂಡತಿಯೊಡನೆ ದೂರಿದೆ.

ಅದೇ ಕಾಲಕ್ಕೆ ಅವಳಲ್ಲಿ ಒಂದು ಬಿಸ್ಕೀಟಿನ ಡಬ್ಬಿಯಿತ್ತು. ಅದರಲ್ಲಿ ಬೆಂಕಿಪೊಟ್ಟಣದ ಮೇಲಿನ ಚಿತ್ರಗಳು: ಅಜ್ಜಿಯ ಒಲೆಯ ಪಕ್ಕದಿಂದ, ದೇವಸ್ಥಾನದ ಕಟ್ಟೆಯಿಂದ, ಬಸ್ ನಿಲ್ದಾಣದ ಚಹಾದಂಗಡಿಯಿಂದ ಆರಿಸಿ ಕತ್ತರಿಸಿ ತಂದವು. ಮಸಿ ಹತ್ತಿದ್ದವು, ಗಂಧಕದ ವಾಸನೆ ಹೊಡೆಯುತ್ತಿದ್ದವು. ದೀಪಾವಳಿಯ ಮುನ್ನಾದಿನ ಮನೆ ಸ್ವಚ್ಛಮಾಡುವ ಉತ್ಸಾಹದಲ್ಲಿ ನಾನು ಆ ಡಬ್ಬಿಯನ್ನು ಬಚ್ಚಲ ಒಲೆಗೆ ಬರಿದು ಮಾಡಿದೆ. ಸಂಜೆ ಅವಳು ಖಾಲಿ ಡಬ್ಬಿ ಹಿಡಿದು ಬಂದಳು. ಅಳಲಿಲ್ಲ. "ನವಿಲಿಂದೂ ಹೋಯ್ತಾ ಅಪ್ಪಾ?" ಎಂದು ಕೇಳಿದಳು. ಯಾವ ನವಿಲು ಎಂದು ನನಗೆ ಗೊತ್ತಿರಲಿಲ್ಲ. ಒಮ್ಮೆಯಾದರೂ ಆ ಡಬ್ಬಿಯನ್ನು ಅವಳ ಜೊತೆ ಕೂತು ನೋಡಿದ್ದರೆ ಗೊತ್ತಿರುತ್ತಿತ್ತು. ಆಮೇಲೆ ನಾನು ಹೊಸ ಬೆಂಕಿಪೊಟ್ಟಣಗಳ ಡಜನ್ ಕಟ್ಟುಗಳನ್ನು ತಂದುಕೊಟ್ಟೆ. ಅವು ಎಲ್ಲ ಒಂದೇ ತರಹದವು; ಅವಳು ಅವುಗಳನ್ನು ಅಡಿಗೆಮನೆಗೆ ಕೊಟ್ಟುಬಿಟ್ಟಳು. ನನ್ನ 500 ಅಂಚೆಚೀಟಿಗಳು ಇಂದಿಗೂ ಕಪಾಟಿನಲ್ಲಿ ಕ್ಷೇಮವಾಗಿವೆ.

ನಿಜವಾದ ಸಂಗ್ರಾಹಕರೆಂದರೆ ಎಂಥವರು? ಅಮೆರಿಕದ ಸಿರಾಕ್ಯೂಸ್ ಪಟ್ಟಣದಲ್ಲಿ ಜೆಫರ್ಸನ್ ಬರ್ಡಿಕ್ ಎಂಬವರಿದ್ದರು. ವಿದ್ಯುತ್ ಸಾಮಗ್ರಿಯ ಕಾರ್ಖಾನೆಯಲ್ಲಿ ಸಾಮಾನ್ಯ ಕೆಲಸ. ಸಂಧಿವಾತದಿಂದ ಸೆಟೆದ ಕೈಗಳು. ಬೇಸ್‌ಬಾಲ್ ಕಾರ್ಡುಗಳೂ ಸೇರಿ ಮೂರು ಲಕ್ಷಕ್ಕೆ ಮಿಕ್ಕಿದ ಮುದ್ರಿತ ಚಿತ್ರಗಳನ್ನು ಅವರು ಕೂಡಿಸಿದ್ದರು. ಅವುಗಳನ್ನು ಮಾರಲಿಲ್ಲ, 1947ರಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕೊಡುತ್ತ ಬಂದರು. ತಮ್ಮ ಕೈಯಾರೆ ಆಲ್ಬಮ್‌ಗಳಿಗೆ ಅಂಟಿಸುವ ಕೆಲಸವನ್ನು 1963ರ ಜನವರಿಯಲ್ಲಿ ಮುಗಿಸಿ, ಅದೇ ಮಾರ್ಚಿನಲ್ಲಿ ತೀರಿಕೊಂಡರು. ಕಾರ್ಡಿಗೆ ಅಂಟು ಹಚ್ಚಿದರೆ ಬೆಲೆ ಹೋಯಿತೆಂದು ಇಂದಿನ ವ್ಯಾಪಾರಿಗಳು ಎದೆ ಬಡಿದುಕೊಳ್ಳುತ್ತಾರೆ. ಬರ್ಡಿಕ್ಕರಿಗೆ ಅದರ ಚಿಂತೆಯಿರಲಿಲ್ಲ.

ಅಷ್ಟು ದೂರ ಹೋಗುವುದೇಕೆ? ನಮ್ಮ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿಯುತ್ತ, ಯಾವ ತಾಯಿಮರದ ಬೀಜವನ್ನು ಯಾವ ಹೊತ್ತಿನಲ್ಲಿ ಆರಿಸಬೇಕೆಂಬ ವಿದ್ಯೆಯನ್ನು ಸಾಧಿಸಿದರು. ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂದಿತು. ಅದೇ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯವರೆಗೂ ಹಾಲಕ್ಕಿಗಳ ನೂರಾರು ಹಾಡುಗಳನ್ನು ನೆನಪಿನಲ್ಲಿಯೇ ಇಟ್ಟುಕೊಂಡು ಬಾಳಿದರು. ಇವರ ಸಂಗ್ರಹಕ್ಕೆ ಬೀಗವಿರಲಿಲ್ಲ. ಒಬ್ಬರು ಆರಿಸಿದ್ದನ್ನು ಮಣ್ಣಿಗೆ ಹಾಕಿದರು. ಇನ್ನೊಬ್ಬರು ಕೇಳಿದವರಿಗೆಲ್ಲ ಹಾಡಿದರು. ಎಳವೆಯಲ್ಲಿ ತಾಯಿಯ ಜೊತೆ ಓಡಾಡುತ್ತ ಕೈಯಾರೆ, ಕಿವಿಯಾರೆ ಕಲಿತದ್ದು ಅದು.

ಹಾಗಾದರೆ ಚಿಕ್ಕ ಮಗುವಿಗೆ ಸಂಗ್ರಹ ಬೇಡವೇ ಎಂದು ಓದುಗರು ಕೇಳಬಹುದು. ಬೇಕು, ಅದನ್ನು ಮಗುವೇ ಆರಂಭಿಸಲಿ. ನಾವು ಕೊಡಬೇಕಾದದ್ದು ಮುಚ್ಚಳವಿರುವ ಒಂದು ಡಬ್ಬಿ. ಅದರೊಳಗೆ ಏನಿರಬೇಕೆಂಬುದು ಅದರ ಒಡೆಯನಿಗೆ ಬಿಟ್ಟದ್ದು. ಕ್ರಿಕೆಟ್ ಕಾರ್ಡು ಬೇಕೆಂದರೆ ಒಮ್ಮೆಗೆ ಒಂದೇ ಪೊಟ್ಟಣ ಕೊಡಿಸೋಣ, ಅದನ್ನು ಅವನೇ ಒಡೆಯಲಿ. ಒಂದೇ ಚಿತ್ರ ಎರಡು ಬಂದರೆ ನೆರೆಮನೆಯವನೊಡನೆ ಬದಲಾಯಿಸಿಕೊಳ್ಳಲಿ. ನಷ್ಟದ ವ್ಯಾಪಾರ ಮಾಡಿದರೆ ನಾವು ನಡುವೆ ಹೋಗುವುದು ಬೇಡ. ಹರಿದರೆ ಹರಿಯಲಿ. ಕಾರವಾರದ ದಂಡೆಯಲ್ಲಿ ಕಪ್ಪೆಚಿಪ್ಪು ಆರಿಸಿದರೆ ಆರಿಸಲಿ. ಹವಳವೂ ಕೆಲವು ಜಾತಿಯ ಶಂಖಗಳೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿವೆಯೆಂದು, ಜೀವವಿರುವುದನ್ನು ಅಲ್ಲಿಯೇ ಬಿಡಬೇಕೆಂದು ತಿಳಿಹೇಳಿದರೆ ಸಾಕು. ಇದಕ್ಕೆಲ್ಲ ಹಣ ಹೆಚ್ಚು ಬೇಡ. ವಾರಕ್ಕೊಮ್ಮೆ ಅರ್ಧ ಗಂಟೆ ನೆಲದ ಮೇಲೆ ಕೂತು, ಇದು ಎಲ್ಲಿ ಸಿಕ್ಕಿತು, ಅದಕ್ಕಿಂತ ಇದು ಏಕೆ ಚಂದ ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವ ವ್ಯವಧಾನ ಬೇಕು. ಕಪಾಟು ತುಂಬುವಷ್ಟು ಕಾರ್ಡು ಕೊಳ್ಳುವ ನಮಗೆ ಆ ಅರ್ಧ ಗಂಟೆಯೇ ಭಾರವಾಗಿದೆ.

ಕಾರವಾರದ ಮಿತ್ರರು ಈ ಲೇಖನವನ್ನು ಓದುವರೆಂದು ಬಲ್ಲೆ, ಸಿಟ್ಟಾಗುವರೆಂದೂ ಬಲ್ಲೆ. ಅವರಲ್ಲಿ ನನ್ನದೊಂದೇ ಬಿನ್ನಹ. ಇಂದು ಸಂಜೆ ಕಪಾಟಿನ ಬೀಗದಕೈಯನ್ನು ಮಗನಿಗೆ ಕೊಡಿರಿ. ಒಡೆಯದ ಪೊಟ್ಟಣಗಳನ್ನು ಅವನು ಒಡೆಯಲಿ, ಒಂದೆರಡು ಕಾರ್ಡಿಗೆ ಮಾವಿನ ಹಣ್ಣಿನ ಕಲೆಯೂ ಬೀಳಲಿ. ಯಾವ ಕಾರ್ಡನ್ನು ಅವನು ದಿಂಬಿನ ಅಡಿಯಲ್ಲಿ ಇಟ್ಟುಕೊಂಡು ಮಲಗುತ್ತಾನೆಂದು ನೋಡಿ ನನಗೆ ತಿಳಿಸಿರಿ. ಅವನ ಸಂಗ್ರಹ ಆರಂಭವಾಗುವುದು ಆ ಒಂದು ಕಾರ್ಡಿನಿಂದ.