ಜಡ್ಡು ಬಂದವನು, ಜಡ್ಡಿನಾಂವ

‘ಜಡ್ಡು’ ಎಂಬ ಮಾತಿಗೆ ಮೈಸೂರು ಸೀಮೆಯಲ್ಲಿ ಒಂದರ್ಥ, ಕೃಷ್ಣಾ-ಘಟಪ್ರಭಾ ಸೀಮೆಯಲ್ಲಿ ಇನ್ನೊಂದರ್ಥ. ಗುದ್ದಲಿ ಹಿಡಿದು ಹಿಡಿದು ಅಂಗೈಯ ಚರ್ಮ ಗಟ್ಟಿಯಾದರೆ ಮೈಸೂರಿನ ಕಡೆಯವರು ‘ಕೈ ಜಡ್ಡುಗಟ್ಟಿದೆ’ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಜಡ್ಡುಗಟ್ಟಿದ ಆಡಳಿತ’ ಎಂಬ ಪ್ರಯೋಗವೂ ಈ ಅರ್ಥದ್ದೇ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಜಡ್ಡು ಎಂದರೆ ಕಾಯಿಲೆ. ಆ ಕಡೆಗೆ ಹೊಸದಾಗಿ ವರ್ಗವಾಗಿ ಹೋದ ವೈದ್ಯರ ಮುಂದೆ ರೈತನೊಬ್ಬ ‘ಎಂಟು ದಿನ ಆತ್ರೀ, ಜಡ್ಡಿಗೆ ಬಿದ್ದೇನಿ’ ಎಂದರೆ ವೈದ್ಯರು ನೋಡಬೇಕಾದದ್ದು ಅಂಗೈಯನ್ನಲ್ಲ, ನಾಡಿಯನ್ನು.

ಎರಡು ಅರ್ಥಗಳನ್ನೂ ಸಂಸ್ಕೃತದ ‘ಜಡ’ ಶಬ್ದಕ್ಕೆ ಜೋಡಿಸಬಹುದು. ತಣ್ಣಗಾದದ್ದು, ಬಿಗಿದದ್ದು, ಚಲಿಸದೆ ಇರುವುದು ಜಡ. ಅದರ ಭಾವನಾಮ ‘ಜಾಡ್ಯ’, ಜಾಡ್ಯದ ತದ್ಭವ ‘ಜಡ್ಡು’. ಗ್ರಂಥಭಾಷೆಯಲ್ಲಿ ಜಾಡ್ಯಕ್ಕೂ ರೋಗವೆಂಬ ಅರ್ಥ ಬಂದಿದೆ. ಉತ್ತರ ಕರ್ನಾಟಕದಲ್ಲಿ ‘ಜಡ’ ಎಂದರೆ ಭಾರ ಎಂದೂ ಆಗುತ್ತದೆ. ‘ಚೀಲ ಭಾಳ ಜಡ ಐತಿ’ ಎನ್ನುವವನೇ ಜ್ವರ ಬಂದಾಗ ‘ಮೈ ಜಡ ಆಗೈತಿ’ ಎನ್ನುತ್ತಾನೆ. ಮೈ ತನಗೆ ತಾನೇ ಹೊರೆಯಾದ ಸ್ಥಿತಿ ಜಡ್ಡು.

ಆದಿಲಶಾಹಿಗಳ ಕಾಲದಿಂದ ಹಿಡಿದು ಜಮಖಂಡಿಯ ಪಟವರ್ಧನರ, ಮುಧೋಳದ ಘೋರ್ಪಡೆಯವರ ಸಂಸ್ಥಾನಗಳು 1948ರಲ್ಲಿ ವಿಲೀನವಾಗುವವರೆಗೆ ಈ ನೆಲದ ಮಾತಿಗೆ ಅರಬ್ಬಿ, ಪಾರಸಿ ಮೂಲದ ಶಬ್ದಗಳು ಸೇರುತ್ತಲೇ ಬಂದವು. ‘ದವಾಖಾನಿ’ ಹೀಗೆ ಬಂದದ್ದು. ‘ಆರಾಮ’ವೂ ಹಾಗೆಯೇ. ‘ಯಾಕವ್ವಾ, ಮೈಯಾಗ ಆರಾಮಿಲ್ಲೇನು?’ ಎಂದು ಕೇಳುವ ಅಜ್ಜಿಗೆ ಅದು ಪಾರಸಿ ಎಂಬ ಅರಿವೇ ಇರುವುದಿಲ್ಲ. ಮರಾಠಿಯಲ್ಲಿ ಕಾಯಿಲೆಯವನಿಗೆ ಹೇಳುವ ‘ಆಜಾರಿ’ಯ ಮೂಲವೂ ಪಾರಸಿಯೇ. ಮರಾಠಿ ಇಷ್ಟು ಹತ್ತಿರವಿದ್ದರೂ ಜಡ್ಡು ತನ್ನ ಜಾಗ ಬಿಡಲಿಲ್ಲ.

ಈ ಮಾತಿನ ಬಳಕೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಜಡ್ಡು ಬರುತ್ತದೆ, ಹೋಗುತ್ತದೆ. ಮನುಷ್ಯ ಜಡ್ಡಿಗೆ ಬೀಳುತ್ತಾನೆ, ಜಡ್ಡಿನಿಂದ ಏಳುತ್ತಾನೆ. ಈ ಎಲ್ಲ ಪ್ರಯೋಗಗಳಲ್ಲೂ ಜಡ್ಡು ಬೇರೆ, ಮನುಷ್ಯ ಬೇರೆ. ‘ಜಡ್ಡಿನಾಂವ’, ‘ಜಡ್ಡಿನಾಕಿ’ ಎಂದಾಗ ಮಾತ್ರ ಎರಡೂ ಒಂದಾಗಿಬಿಡುತ್ತವೆ. ಮದುವೆಯ ಮಾತುಕತೆಯಲ್ಲಿ ‘ಹುಡುಗಿ ಜಡ್ಡಿನಾಕಿ’ ಎಂದು ಯಾರಾದರೂ ಪಿಸುಗುಟ್ಟಿದರೆ ಸಾಕು, ಯಾವ ಜಡ್ಡು, ಯಾವಾಗ ವಾಸಿಯಾಯಿತು ಎಂದು ಯಾರೂ ಕೇಳುವುದಿಲ್ಲ.

ಹೆಸರು ಹೀಗೆ ಅಂಟಿಕೊಳ್ಳುವುದು ಹಳ್ಳಿಯ ಮಾತಿನಲ್ಲಷ್ಟೇ ಅಲ್ಲ. ಜನ ‘ದೊಡ್ಡ ರೋಗ’ ಎಂದು ಅಂಜುತ್ತಿದ್ದ ಕುಷ್ಠ ಈಗ 6ರಿಂದ 12 ತಿಂಗಳ ಬಹುಔಷಧ ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಆದರೂ ವಿಚ್ಛೇದನಕ್ಕೆ ಅದನ್ನು ಕಾರಣವಾಗಿ ಒಪ್ಪುತ್ತಿದ್ದ ನಿಯಮ ನಮ್ಮ ವಿವಾಹ ಕಾನೂನುಗಳಿಂದ ಹೋದದ್ದು 2019ರ ತಿದ್ದುಪಡಿಯಿಂದ. ರೋಗಕ್ಕೆ ಔಷಧ ಸಿಕ್ಕಿ ಎಷ್ಟೋ ವರ್ಷಗಳಾದ ಮೇಲೂ ಹೆಸರಿನ ಕಳಂಕ ಕಾನೂನಿನಲ್ಲಿ ಉಳಿದಿತ್ತು.

ಹಾಗೆಂದು ಜಡ್ಡು ಬಿಡಬೇಕಾದ ಮಾತಲ್ಲ. ರೋಗ, ಕಾಯಿಲೆ, ಅನಾರೋಗ್ಯ ಯಾವುದರಲ್ಲೂ ಇಲ್ಲದ ಮೈಭಾರದ ಅನುಭವ ಅದರಲ್ಲಿದೆ. ಬಳಸುವಾಗ ‘ಜಡ್ಡಿನಾಂವ’ ಎನ್ನುವ ಬದಲು ‘ಜಡ್ಡು ಬಂದಿತ್ತು, ಈಗ ಆರಾಮ ಅದಾನ’ ಎಂದರೆ ಸಾಕು. ಆ ಸೀಮೆಯ ಕನ್ನಡದಲ್ಲಿ ಹಾಗೆ ಹೇಳುವ ರೂಢಿ ಮೊದಲಿನಿಂದಲೂ ಇದೆ.